ಬಾಗಿನದೊಳಗಿನ ಕನ್ನಡಿ



ಗೌರಿ ಹಬ್ಬದ ಬಾಗಿನದಲ್ಲಿ ಏನೇನಿರುತ್ತದೆ ಎಂಬುದನ್ನು ನಮ್ಮ ದೇವಸ್ಥಾನಕ್ಕೆ ಬರುವ ಕನ್ನಡದ ಮನೆಗಳಿಗೆ ಹೇಳಬೇಕಾಗಿಲ್ಲ. ಅರಿಸಿನ, ಕುಂಕುಮ, ಬಳೆ, ಬಿಚ್ಚೋಲೆ, ಕರಿಮಣಿ, ರವಿಕೆ ಕಣ, ಅಕ್ಕಿ, ಬೇಳೆ, ಬೆಲ್ಲದಚ್ಚು, ಒಂದು ಬಾಚಣಿಗೆ, ಅಂಗೈ ಅಗಲದ ಒಂದು ಕನ್ನಡಿ. ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಮೊರ ಹಿಡಿಸುವುದಿಲ್ಲವಾದ್ದರಿಂದ ಇಲ್ಲಿ ಎಷ್ಟೋ ಮನೆಗಳಲ್ಲಿ ಅದರ ಬದಲು ಅಲ್ಯೂಮಿನಿಯಂ ಟ್ರೇ ಬಂದಿದೆ. ಆದರೆ ಒಳಗಿನ ಪಟ್ಟಿ ಮಾತ್ರ ಬದಲಾಗಿಲ್ಲ. ಪ್ಲಾಸ್ಟಿಕ್ ಚೌಕಟ್ಟಿನ ಆ ಪುಟ್ಟ ಕನ್ನಡಿ ಬಟ್ಟೆಗಳ ನಡುವೆ ಸುತ್ತಿಕೊಂಡು ಸಾವಿರಾರು ಮೈಲಿ ಹಾರಿ ಬಂದೇ ಬರುತ್ತದೆ.

ಕಳೆದ ಹಬ್ಬದಲ್ಲಿ ದೇವಸ್ಥಾನದ ಅಡಿಗೆಮನೆಯ ಉದ್ದನೆಯ ಮೇಜಿನ ಮೇಲೆ ಬಾಗಿನ ಜೋಡಿಸುತ್ತಿದ್ದಾಗ ನಮ್ಮ ಮಗಳು ಒಂದು ಪ್ರಶ್ನೆ ಕೇಳಿದಳು. "ಎಲ್ಲರ ಮನೇಲೂ ದೊಡ್ಡ ಕನ್ನಡಿ ಇರುತ್ತಲ್ಲ, ಮತ್ತೆ ಇದು ಯಾಕೆ?" ಅಲ್ಲಿದ್ದ ಹಿರಿಯ ಮಾಮಿಯೊಬ್ಬರು "ಕುಂಕುಮ ನೆಟ್ಟಗೆ ಇಟ್ಕೊಳ್ಳೋದಕ್ಕೆ ಕಣೇ ಪುಟ್ಟಿ" ಅಂದರು. ಅವಳು ಅಷ್ಟಕ್ಕೇ ಬಿಡಲಿಲ್ಲ. "ಹಾಗಾದ್ರೆ ಅಪ್ಪಂದಿರಿಗೆ ಯಾಕೆ ಕೊಡಲ್ಲ? ಅವರೂ ಮುಖ ನೋಡ್ಕೋಬೇಕಲ್ಲ?" ಅದಕ್ಕೆ ಇನ್ನೊಬ್ಬರು, "ಅವರಿಗೆ ಬೇರೆ ಕನ್ನಡಿ ಯಾಕೆ? ನಾವೇ ಇದೀವಲ್ಲ!" ಅಂದರು. ಅಡಿಗೆಮನೆಯೆಲ್ಲ ನಕ್ಕಿತು. ನಾವೂ ನಕ್ಕೆವು.

ನಕ್ಕು ಮುಗಿಸಿ ಕಾರಿನಲ್ಲಿ ಮನೆಗೆ ಬರುವಾಗ ಆ ಮಾತು ಮತ್ತೆ ತಲೆ ಎತ್ತಿತು. ಗಂಡನಿಗೆ ಹೆಂಡತಿ ಕನ್ನಡಿಯೇ? ಹೆಂಡತಿಗೆ ಗಂಡ ಕನ್ನಡಿಯೇ? ಹೌದಾದರೆ ಎಂಥ ಕನ್ನಡಿ? ಇದ್ದದ್ದನ್ನು ಇದ್ದ ಹಾಗೆ ತೋರಿಸುವುದು ಅವರ ಧರ್ಮವೇ, ಅಥವಾ ಸ್ವಲ್ಪ ಮಸುಕಾಗಿರುವುದೇ ಸಂಸಾರಕ್ಕೆ ಒಳ್ಳೆಯದೇ? (ಈ ಲೇಖನದಲ್ಲಿ 'ನಾವು' ಎಂದರೆ ಗಂಡ ಹೆಂಡತಿ ಇಬ್ಬರೂ. ಕೀಲಿಮಣೆ ಕುಟ್ಟಿದ ಕೈ ಒಬ್ಬರದೇ. ಆದರೆ ಜಗಳವಾಡಿ ಒಪ್ಪಿಕೊಂಡ ಮಾತುಗಳು ಇಬ್ಬರದೂ.) ಮದುವೆಯ ಬಗ್ಗೆ ನಮ್ಮ ಕವಿಗಳು, ನಾಟಕಕಾರರು ಬರೆದಿರುವುದರಲ್ಲಿ ಕನ್ನಡಿ ಎಲ್ಲೆಲ್ಲಿ ಬರುತ್ತದೆ ಎಂದು ಹುಡುಕುತ್ತ ಹೋದೆವು. ಹುಡುಕಿದಷ್ಟೂ ಸಿಕ್ಕಿತು.

ಮೊದಲು ಸಿಕ್ಕಿದ್ದು ಮಗಳ ಎರಡನೆಯ ಪ್ರಶ್ನೆಗೆ ಉತ್ತರ, ಅದೂ ಕಾಳಿದಾಸನ 'ಕುಮಾರಸಂಭವ'ದಲ್ಲಿ. ಏಳನೆಯ ಸರ್ಗ ಶಿವ ಪಾರ್ವತಿಯರ ಮದುವೆಯದು. ಮುತ್ತೈದೆಯರು ಪಾರ್ವತಿಯನ್ನು ಸಿಂಗರಿಸುತ್ತಾರೆ. ಸಿಂಗಾರ ಮುಗಿದ ಮೇಲೆ ಅವಳು ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುತ್ತಾಳೆ, ನೋಡಿ ಶಿವನನ್ನು ಸೇರಲು ಆತುರಪಡುತ್ತಾಳೆ. ಇಷ್ಟನ್ನು ಯಾವ ಕವಿಯೂ ಬರೆದಾನು. ಆದರೆ ಕಾಳಿದಾಸ ಮದುಮಗನನ್ನೂ ಬಿಟ್ಟಿಲ್ಲ. ಕೈಲಾಸದಲ್ಲಿ ಶಿವ ಹೊರಡಲು ಸಿದ್ಧನಾಗುತ್ತಾನೆ. ಮೈಯ ಭಸ್ಮವೇ ಗಂಧದ ಲೇಪವಾಗುತ್ತದೆ, ತಲೆಬುರುಡೆಯೇ ಶಿರೋಭೂಷಣವಾಗುತ್ತದೆ, ಹಾವುಗಳೇ ಒಡವೆಗಳಾಗುತ್ತವೆ. ಆಮೇಲೆ ಅವನೂ ತನ್ನನ್ನು ನೋಡಿಕೊಳ್ಳುತ್ತಾನೆ. ಹೇಗೆ? ಪಕ್ಕದಲ್ಲಿದ್ದ ಗಣನೊಬ್ಬ ತಂದುಕೊಟ್ಟ ಖಡ್ಗದಲ್ಲಿ ಮೂಡಿದ ಬಿಂಬದಲ್ಲಿ! ತಪಸ್ವಿಯ ಮನೆಯಲ್ಲಿ ಕನ್ನಡಿ ಎಲ್ಲಿಂದ ಬರಬೇಕು? ಲೋಕಕ್ಕೆಲ್ಲ ಒಡೆಯನಾದವನೂ ಮದುವೆಗೆ ಹೊರಡುವ ಮುನ್ನ ಒಮ್ಮೆ ಮುಖ ನೋಡಿಕೊಳ್ಳುತ್ತಾನೆ ಎಂಬುದು ನಮಗೆ ಬಹಳ ಇಷ್ಟವಾಯಿತು.

ಈ ಮದುವೆಯ ಹಿಂದೆ ಐದನೆಯ ಸರ್ಗವಿದೆ ಎಂಬುದನ್ನು ಮರೆಯಬಾರದು. ಮನ್ಮಥ ಕಣ್ಣೆದುರೇ ಸುಟ್ಟು ಬೂದಿಯಾದಾಗ ಪಾರ್ವತಿ ತನ್ನ ರೂಪವನ್ನು ತಾನೇ ಹಳಿದುಕೊಳ್ಳುತ್ತಾಳೆ. ಮೆಚ್ಚಬೇಕಾದವನೇ ಮೆಚ್ಚದ ಚೆಲುವು ಇದ್ದು ಫಲವೇನು ಎಂಬುದು ಅವಳ ನೋವು. ಕನ್ನಡಿಯಲ್ಲಿ ಕಾಣುವುದು ಬದಲಾಗಿಲ್ಲ; ಒಬ್ಬನು ನೋಡದೆ ಹೋದದ್ದರಿಂದ ಅವಳಿಗೆ ತನ್ನ ಮುಖವೇ ಬೇಡವಾಗಿದೆ. ಆಮೇಲೆ ಅವಳು ಮಾಡಿದ್ದು ತಪಸ್ಸು. ಅಲ್ಲಿಗೆ ಶಿವನೇ ಬ್ರಹ್ಮಚಾರಿಯ ವೇಷದಲ್ಲಿ ಬಂದು ಶಿವನನ್ನು ಬಾಯಿಗೆ ಬಂದಂತೆ ಹೀಯಾಳಿಸುತ್ತಾನೆ: ವಿಕಾರವಾದ ಕಣ್ಣು, ಹುಟ್ಟು ಗೊತ್ತಿಲ್ಲದವನು, ಉಡಲು ಬಟ್ಟೆಯಿಲ್ಲದವನು ಎಂದು. ಅವಳು ಒಂದೊಂದಕ್ಕೂ ಎದುರು ನಿಂತು ಉತ್ತರ ಕೊಡುತ್ತಾಳೆ. ತನ್ನ ಮುಖದ ಬೆಲೆ ಒಬ್ಬನ ನೋಟದಲ್ಲಿದೆ ಎಂದು ಕೊರಗಿದವಳು ಈಗ ಇನ್ನೊಬ್ಬರ ನೋಟ ಏನು ಹೇಳಿದರೂ ಅಲ್ಲಾಡದವಳಾಗಿದ್ದಾಳೆ. ಆ ಹೊತ್ತಿಗೆ ಸರಿಯಾಗಿ ಶಿವ ತನ್ನ ನಿಜರೂಪ ತೋರಿಸುತ್ತಾನೆ. ಮದುವೆ ಆಗುವುದು ಆಮೇಲೆ. ಈ ಅನುಕ್ರಮವನ್ನು ಕವಿ ಬೇಕೆಂದೇ ಇಟ್ಟಿದ್ದಾನೆಂದು ನಮಗೆ ತೋರುತ್ತದೆ.

ಮದುವೆಯ ನಂತರದ ಎಂಟನೆಯ ಸರ್ಗದಲ್ಲಿ ಮತ್ತೊಮ್ಮೆ ಕನ್ನಡಿ ಬರುತ್ತದೆ. ಪಾರ್ವತಿ ತನ್ನ ಬಿಂಬವನ್ನು ನೋಡಿಕೊಳ್ಳುತ್ತಿರುವಾಗ ಹಿಂದೆ ಕುಳಿತ ಶಿವನ ಬಿಂಬವೂ ಅದರಲ್ಲೇ ಕಾಣಿಸಿಕೊಂಡು ಅವಳು ನಾಚುತ್ತಾಳೆ. ದೇವಸ್ಥಾನದ ಪತ್ರಿಕೆಯಾದ್ದರಿಂದ ಹೆಚ್ಚು ವಿವರಿಸುವುದಿಲ್ಲ. ಒಂದೇ ಕನ್ನಡಿಯಲ್ಲಿ ಎರಡು ಮುಖ ಎಂಬಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ಇಲ್ಲಿ ಒಂದು ತಾಂತ್ರಿಕ ಮಾತು. ಕಾಳಿದಾಸನ ಕಾಲದ ಕನ್ನಡಿ ಗಾಜಿನದಲ್ಲ, ಉಜ್ಜಿ ಹೊಳಪಿಸಿದ ಲೋಹದ್ದು. ಗಾಜಿನ ಹಿಂಬದಿಗೆ ರಾಸಾಯನಿಕವಾಗಿ ಬೆಳ್ಳಿಯ ತೆಳುಪದರ ಕೂರಿಸುವ ವಿಧಾನವನ್ನು ಜರ್ಮನಿಯ ಲೀಬಿಗ್ ಕಂಡುಹಿಡಿದದ್ದು 1835ರಲ್ಲಿ. ಹಳೆಯ ಕ್ರಮದ ಲೋಹದ ಕನ್ನಡಿಯನ್ನು ಇಂದಿಗೂ ನೋಡಬೇಕೆಂದರೆ ಕೇರಳದ ಆರನ್ಮುಳ ಕನ್ನಡಿ ಇದೆ. ಅಲ್ಲಿಯ ಮದುವೆಗಳ ಅಷ್ಟಮಂಗಲದಲ್ಲಿ ಅದಕ್ಕೆ ಸ್ಥಾನವುಂಟು. ಗಾಜಿನ ಕನ್ನಡಿಗೆ ಬೆರಳು ತಾಗಿಸಿದರೆ ಬೆರಳಿಗೂ ಬಿಂಬಕ್ಕೂ ನಡುವೆ ಗಾಜಿನ ದಪ್ಪದಿಂದಾಗಿ ಸಣ್ಣ ಅಂತರ ಕಾಣುತ್ತದೆ. ಲೋಹದ ಕನ್ನಡಿಯಲ್ಲಿ ಆ ಅಂತರವಿಲ್ಲ, ಬೆರಳು ಬಿಂಬವನ್ನು ಮುಟ್ಟಿಯೇ ಬಿಡುತ್ತದೆ. ಆದರೆ ಲೋಹ ಮಾಸುತ್ತದೆ. ಆಗಾಗ ಉಜ್ಜದಿದ್ದರೆ ಮುಖ ಕಾಣದು. ಇದನ್ನು ಹೇಳಲು ಕಾರಣವಿದೆ, ಶಕುಂತಲೆಯ ಕಥೆಯಲ್ಲಿ ಇದು ಬೇಕಾಗುತ್ತದೆ.

ಶಕುಂತಲೆಯ ಕಥೆ ನಮಗೆಲ್ಲ ಗೊತ್ತಿರುವುದು ಉಂಗುರ, ಮೀನು, ದೂರ್ವಾಸರ ಶಾಪಗಳಿಂದ. ಅದು ಕಾಳಿದಾಸನ ನಾಟಕ. ಅದಕ್ಕೂ ಹಿಂದಿನ ಮಹಾಭಾರತದ ಆದಿಪರ್ವದಲ್ಲಿ ಉಂಗುರವೂ ಇಲ್ಲ, ಶಾಪವೂ ಇಲ್ಲ. ಕಣ್ವರ ಆಶ್ರಮದಲ್ಲಿ ಗಾಂಧರ್ವ ವಿವಾಹವಾಗಿ, ಕರೆಸಿಕೊಳ್ಳುತ್ತೇನೆಂದು ಮಾತು ಕೊಟ್ಟು ಹೋದ ದುಷ್ಯಂತ ಕರೆಸಿಕೊಳ್ಳುವುದಿಲ್ಲ. ವರ್ಷಗಳ ಮೇಲೆ ಶಕುಂತಲೆ ಮಗನ ಕೈ ಹಿಡಿದು ಆಸ್ಥಾನಕ್ಕೆ ಬರುತ್ತಾಳೆ. ರಾಜನಿಗೆ ಎಲ್ಲವೂ ನೆನಪಿದೆ. ನೆನಪಿದ್ದೂ ನೆನಪಿಲ್ಲವೆನ್ನುತ್ತಾನೆ. ಅಷ್ಟೇ ಅಲ್ಲ, ತುಂಬಿದ ಸಭೆಯಲ್ಲಿ ಅವಳ ಹುಟ್ಟನ್ನೂ ನಡತೆಯನ್ನೂ ಹಳಿಯುತ್ತಾನೆ.

ಆಗ ಶಕುಂತಲೆ ಆಡುವ ಮಾತುಗಳಲ್ಲಿ ಕನ್ನಡಿ ಎರಡು ಸಲ ಬರುತ್ತದೆ. ಮೊದಲನೆಯದು ಮೃದುವಾದದ್ದು: ಹೆಂಡತಿಯಲ್ಲಿ ಹುಟ್ಟಿದ ಮಗನನ್ನು ಕಂಡರೆ ತಂದೆಗೆ ಕನ್ನಡಿಯಲ್ಲಿ ತನ್ನ ಮುಖವನ್ನೇ ಕಂಡಷ್ಟು ಸಂತೋಷವಾಗುತ್ತದೆ ಎಂದು. ಅದು ನಾಟದೆ ಹೋದಾಗ ಎರಡನೆಯದು ಬರುತ್ತದೆ. ಕುರೂಪಿಯಾದವನು ಕನ್ನಡಿಯಲ್ಲಿ ತನ್ನ ಮುಖ ಕಾಣುವ ತನಕ ಉಳಿದವರೆಲ್ಲರಿಗಿಂತ ತಾನೇ ಚೆಲುವನೆಂದು ತಿಳಿದಿರುತ್ತಾನೆ ಎನ್ನುತ್ತಾಳೆ. ಬೇರೆಯವರ ಸಾಸಿವೆಯಷ್ಟು ತಪ್ಪು ಕಾಣುವವನಿಗೆ ತನ್ನ ಬಿಲ್ವದ ಕಾಯಷ್ಟು ತಪ್ಪು ಕಾಣುವುದಿಲ್ಲ ಎಂಬ ಮಾತೂ ಅವಳದೇ. ಅಂದರೆ ಆ ಸಭೆಯಲ್ಲಿ ಅವಳೇ ಕನ್ನಡಿಯಾಗಿ ನಿಂತಿದ್ದಾಳೆ. ರಾಜನ ಮುಂದೆ ಯಾರೂ ಹಿಡಿಯಲು ಹೆದರುವ ಕನ್ನಡಿ.

ಅಶರೀರವಾಣಿಯಾದ ಮೇಲೆ ದುಷ್ಯಂತ ಒಪ್ಪಿಕೊಳ್ಳುತ್ತಾನೆ. ತನಗೆ ಮೊದಲೇ ಗೊತ್ತಿತ್ತು, ಬರಿಯ ಅವಳ ಮಾತು ಕೇಳಿ ಸ್ವೀಕರಿಸಿದ್ದರೆ ಜನ ಅನುಮಾನಪಡುತ್ತಿದ್ದರು ಎಂದು ಸಮಜಾಯಿಷಿ ಕೊಡುತ್ತಾನೆ. ಆಮೇಲೆ ಹೆಂಡತಿಯ ಕಡೆ ತಿರುಗಿ, ನೀನು ಸಿಟ್ಟಿನಲ್ಲಿ ಆಡಿದ ಕಹಿ ಮಾತುಗಳನ್ನು ನಾನು ಕ್ಷಮಿಸಿದ್ದೇನೆ ಎನ್ನುತ್ತಾನೆ! ಇದನ್ನು ಓದುವಾಗ ನಮ್ಮಿಬ್ಬರಲ್ಲಿ ಒಬ್ಬರು ಪುಸ್ತಕ ಮುಚ್ಚಿ ಎದ್ದು ಹೋದರು. ತಪ್ಪು ಮಾಡಿದವನೇ ಕ್ಷಮೆ ಹಂಚುವ ಈ ಚಮತ್ಕಾರ ಮಹಾಭಾರತದ ಕಾಲಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಕಾಳಿದಾಸನಿಗೆ ಈ ದುಷ್ಯಂತ ನಾಯಕನಾಗಲು ಯೋಗ್ಯನಾಗಿ ಕಾಣಲಿಲ್ಲವೇನೋ. ಅದಕ್ಕೆ ಅವನು ಶಾಪವನ್ನು ತಂದ. ರಾಜ ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಮರೆತಿದ್ದಾನೆ. ಕೊನೆಯ ಅಂಕದಲ್ಲಿ ಮಾರೀಚ ಮಹರ್ಷಿ ಶಕುಂತಲೆಯನ್ನು ಸಮಾಧಾನಪಡಿಸುತ್ತ ಕನ್ನಡಿಯ ಉಪಮೆಯನ್ನೇ ಹೇಳುತ್ತಾನೆ: ಕೊಳೆ ಹಿಡಿದ ಕನ್ನಡಿಯಲ್ಲಿ ಬಿಂಬ ಮೂಡುವುದಿಲ್ಲ, ಶುಚಿಯಾದಾಗ ತಾನಾಗಿ ಮೂಡುತ್ತದೆ. ಮಹಾಭಾರತದಲ್ಲಿ ಕನ್ನಡಿ ನೋಡಬೇಕಾದವನು ಗಂಡ. ಇಲ್ಲಿ ಗಂಡನೇ ಕನ್ನಡಿ. ಹೆಂಡತಿಯ ಬಿಂಬ ಅವನಲ್ಲಿ ಮೂಡಬೇಕು. ಮೂಡದೆ ಹೋದದ್ದು ಕನ್ನಡಿಯ ತಪ್ಪಲ್ಲ, ಮೇಲೆ ಕೂತ ಕೊಳೆಯ ತಪ್ಪು.

ಈ ಎರಡರಲ್ಲಿ ಯಾವುದು ಸರಿ ಎಂದು ನಮ್ಮ ಮನೆಯಲ್ಲಿ ಒಂದು ವಾರ ವಾದ ನಡೆಯಿತು. ಒಬ್ಬರ ಪಕ್ಷ ವ್ಯಾಸರದು. ಶಾಪ ಎನ್ನುವುದು ಗಂಡನಿಗೆ ಸಿಕ್ಕ ಒಳ್ಳೆಯ ನೆಪ. ನಮ್ಮ ಕಾಲದಲ್ಲಿ ಅದರ ಹೆಸರು ಪ್ರಾಜೆಕ್ಟ್ ಡೆಡ್‌ಲೈನ್. ಇನ್ನೊಬ್ಬರು ಕಾಳಿದಾಸನ ಪಕ್ಷ. ಅವನ ದುಷ್ಯಂತ ಆರನೆಯ ಅಂಕದಲ್ಲಿ ಉಂಗುರ ಕಂಡು, ನೆನಪು ಮರಳಿ, ಶಕುಂತಲೆಯ ಚಿತ್ರ ಬರೆದುಕೊಂಡು ಅದರ ಮುಂದೆ ಕೂತು ಪರಿತಪಿಸುತ್ತಾನೆ; ಏಳನೆಯ ಅಂಕದಲ್ಲಿ ಅವಳ ಕಾಲಿಗೆ ಬೀಳುತ್ತಾನೆ. ಸುಳ್ಳು ಹೇಳದವನು ಕಾಲಿಗೆ ಬಿದ್ದ, ಸುಳ್ಳು ಹೇಳಿದವನು ಕ್ಷಮೆ ದಯಪಾಲಿಸಿದ. ಸಂಸಾರದಲ್ಲಿ ದಿನವೂ ನಡೆಯುವುದು ಬೇಕೆಂದೇ ಮಾಡಿದ ಮೋಸಕ್ಕಿಂತ ಹೆಚ್ಚಾಗಿ ಮರೆವು, ಮಾಸುವುದು. ಆದ್ದರಿಂದ ಕಾಳಿದಾಸನೇ ಹತ್ತಿರ ಎಂದು ಅವರ ವಾದ. ತೀರ್ಪು ಆಗಿಲ್ಲ. ಆದರೆ ಇಬ್ಬರೂ ಒಪ್ಪಿದ ಒಂದು ಮಾತಿದೆ: ನಮಗೆ ಮರೆತುಹೋಯಿತು ಎಂದು ನಾವು ಹೇಳುವಾಗ ಅದು ಕಾಳಿದಾಸನ ಮರೆವೋ ವ್ಯಾಸರ ಮರೆವೋ ಎಂಬುದು ಹೇಳುವವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಈಗ ನಮ್ಮ ಮನೆಯ ಒಂದು ಸಂಗತಿ. ಇದನ್ನು ಬರೆಯಬೇಕೇ ಬೇಡವೇ ಎಂದು ಯೋಚಿಸಿ ಬರೆಯುತ್ತಿದ್ದೇವೆ. 2020ರಲ್ಲಿ ಎಲ್ಲರಂತೆ ನಾವೂ ಮನೆಯಿಂದಲೇ ಕೆಲಸ ಮಾಡತೊಡಗಿದೆವು. ಇಬ್ಬರದೂ ಸಾಫ್ಟ್‌ವೇರ್. ಊಟದ ಮೇಜು ಒಬ್ಬರ ಆಫೀಸು, ಮಲಗುವ ಕೋಣೆಯ ಮೂಲೆ ಇನ್ನೊಬ್ಬರ ಆಫೀಸು. ಒಂದು ಮಧ್ಯಾಹ್ನ ನಮ್ಮಲ್ಲೊಬ್ಬರು (ಯಾರೆಂದು ಬರೆಯದಿರಲು ಇಬ್ಬರೂ ಒಪ್ಪಿದ್ದೇವೆ) ವೀಡಿಯೊ ಮೀಟಿಂಗಿನಲ್ಲಿದ್ದರು. ತಮ್ಮ ಸರದಿ ಬಂದಿರಲಿಲ್ಲ, ಧ್ವನಿ ಬಂದ್ ಮಾಡಿಕೊಂಡಿದ್ದರು. ಇನ್ನೊಬ್ಬರು ಬಾಗಿಲ ಬಳಿ ಬಂದು, "ಮಗೂಗೆ ಸ್ವಲ್ಪ ಮೈ ಬಿಸಿ ಇದೆ, ಡಾಕ್ಟರಿಗೆ ಫೋನ್ ಮಾಡಲಾ?" ಎಂದು ಕೇಳಿದರು. "ಅದನ್ನೂ ನನ್ನೇ ಕೇಳಬೇಕಾ? ಕಾಣಿಸ್ತಿಲ್ವಾ ಮೀಟಿಂಗಲ್ಲಿದೀನಿ ಅಂತ?" ಎಂಬ ಉತ್ತರ ಬಂತು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಅಷ್ಟೇ ನಡೆದದ್ದು. ಇಂಥದ್ದು ಯಾವ ಮನೆಯಲ್ಲಿ ನಡೆಯುವುದಿಲ್ಲ? ಆದರೆ ಆ ಮಾತು ಆಡುವಾಗ ತೆರೆಯ ಮೂಲೆಯ ಪುಟ್ಟ ಚೌಕದಲ್ಲಿ ಆಡಿದವರಿಗೆ ತಮ್ಮ ಮುಖವೇ ಕಂಡಿತು. ಹುಬ್ಬು ಗಂಟಿಕ್ಕಿ, ತುಟಿಯ ಒಂದು ಮೂಲೆ ಕೆಳಗೆ ಜಗ್ಗಿ, ಕಣ್ಣು ಅರ್ಧ ಮುಚ್ಚಿ ಇದ್ದ ಮುಖ. ಧ್ವನಿ ಬಂದಾಗಿತ್ತು, ಮುಖ ಬಂದಾಗಿರಲಿಲ್ಲ. ಮರುಕ್ಷಣ ಮ್ಯಾನೇಜರ್ ಹೆಸರು ಹಿಡಿದು ಕರೆದರು, ಅದೇ ಚೌಕದಲ್ಲಿ ಅದೇ ಮುಖ ನಗುತ್ತ ಮಾತಿಗೆ ತೊಡಗಿತು. ಎರಡು ಮುಖಗಳ ನಡುವೆ ಎರಡು ಸೆಕೆಂಡು ಇದ್ದಿರಬಹುದು.

ರಾತ್ರಿ ಮಗು ಮಲಗಿದ ಮೇಲೆ, "ನಾನು ಸಿಟ್ಟು ಮಾಡ್ಕೊಂಡಾಗ ಯಾವಾಗ್ಲೂ ಹಾಗೇ ಕಾಣ್ತೀನಾ?" ಎಂಬ ಪ್ರಶ್ನೆ ಬಂತು. "ಹ್ಞೂಂ" ಎಂಬುದು ಉತ್ತರ. "ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?" "ಹೇಳಿದೀನಿ. ನಿನಗೆ ನೆನಪಿಲ್ಲ."

ನಾವು ಕನ್ನಡಿಯ ಮುಂದೆ ನಿಂತಾಗ ಮುಖವನ್ನು ಸಿದ್ಧಪಡಿಸಿಕೊಂಡೇ ನಿಲ್ಲುತ್ತೇವೆ. ಕನ್ನಡಿಯ ಮುಂದೆ ಯಾರೂ ಸಿಡುಕುವುದಿಲ್ಲ. ಹಾಗಾಗಿ ನಮ್ಮ ಸಿಡುಕಿದ ಮುಖ ನಮಗೆ ಅಪರಿಚಿತ, ಮನೆಯವರಿಗೆ ಚಿರಪರಿಚಿತ. ಇನ್ನೊಂದು ವಿಚಿತ್ರವೂ ಇದೆ. ಕನ್ನಡಿಯಲ್ಲಿ ನಾವು ಕಾಣುವುದು ಅದಲುಬದಲಾದ ಮುಖ. ಬೈತಲೆ ಎಡಕ್ಕಿದ್ದರೆ ಎದುರಿಗಿರುವವರ ಕಣ್ಣಿಗೆ ಬೀಳುವ ಕಡೆಗಲ್ಲ, ಅದರ ಎದುರು ಕಡೆಗೆ ನಮಗೆ ಕಾಣುತ್ತದೆ. ವೀಡಿಯೊ ಕರೆಯ ತಂತ್ರಾಂಶಗಳಲ್ಲಿಯೂ ಸಾಮಾನ್ಯವಾಗಿ ನಮ್ಮ ಚೌಕದಲ್ಲಿ ನಮಗೆ ಕನ್ನಡಿಯ ಬಿಂಬವನ್ನೇ ತೋರಿಸಿ, ಉಳಿದವರಿಗೆ ಸರಿಯಾದದ್ದನ್ನು ಕಳಿಸುತ್ತಾರೆ. 1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಇದರ ಮೇಲೆ ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಒಬ್ಬರದೇ ಭಾವಚಿತ್ರವನ್ನು ಎರಡು ರೀತಿ ಅಚ್ಚು ಹಾಕಿಸಿ, ಒಂದು ಇದ್ದ ಹಾಗೆ, ಇನ್ನೊಂದು ಕನ್ನಡಿಯಲ್ಲಿ ಕಾಣುವ ಹಾಗೆ, ಯಾವುದು ಚೆನ್ನಾಗಿದೆ ಎಂದು ಕೇಳಿದರು. ಚಿತ್ರದಲ್ಲಿದ್ದವರು ಹೆಚ್ಚಾಗಿ ಕನ್ನಡಿಯ ರೂಪವನ್ನು ಆರಿಸಿದರು. ಅವರ ಆಪ್ತರು, ಪ್ರೇಮಿಗಳು ಹೆಚ್ಚಾಗಿ ಇದ್ದ ಹಾಗಿನ ರೂಪವನ್ನು ಆರಿಸಿದರು. ಕಣ್ಣಿಗೆ ರೂಢಿಯಾದದ್ದೇ ಮನಸ್ಸಿಗೆ ಹಿತ ಎಂಬುದು ಅವರ ವಿವರಣೆ. ನಮಗೆ ಹೊಳೆದದ್ದು ಬೇರೆ. ಕೈ ಹಿಡಿದವರು ಮೆಚ್ಚಿದ ಆ ಮುಖವನ್ನು ನಾವು ಕನ್ನಡಿಯಲ್ಲಿ ಒಂದು ದಿನವೂ ಕಂಡವರಲ್ಲ.

ಗಂಡ ಹೆಂಡತಿ ಪರಸ್ಪರ ಕನ್ನಡಿ ಎಂಬ ಮಾತಿನಲ್ಲಿ ಇನ್ನೊಂದು ತೊಡಕಿದೆ. ಕನ್ನಡಿಗೆ ನೆನಪಿಲ್ಲ. ನಿನ್ನೆಯ ಮುಖವನ್ನು ಅದು ಇಟ್ಟುಕೊಳ್ಳುವುದಿಲ್ಲ. ಜೊತೆಗೆ ಬಾಳುವವರಿಗೆ ನೆನಪಿದೆ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಹಳೆಯ ಆವೃತ್ತಿಗಳೆಲ್ಲ ಅಲ್ಲಿ ಭದ್ರವಾಗಿರುತ್ತವೆ. ಯಾವ ಸಾಲನ್ನು ಯಾವತ್ತು ಯಾರು ಕೆಡಿಸಿದರು ಎಂಬುದೂ ತಾರೀಖಿನ ಸಮೇತ ಸಿಗುತ್ತದೆ. ಜಗಳದಲ್ಲಿ ಇದು ಶಾಪ. ಆದರೆ ಇಪ್ಪತ್ತೈದನೆಯ ವಯಸ್ಸಿನಲ್ಲಿ ನಾವು ಏನಾಗಬೇಕೆಂದುಕೊಂಡಿದ್ದೆವು ಎಂಬುದು ನಮಗೇ ಮರೆತುಹೋದ ಮೇಲೂ ಇನ್ನೊಬ್ಬರಲ್ಲಿ ಉಳಿದಿರುತ್ತದಲ್ಲ, ಅಂಥ ಕನ್ನಡಿ ಯಾವ ಅಂಗಡಿಯಲ್ಲಿಯೂ ಸಿಗದು.

ಕನ್ನಡಿ ನಿಜ ತೋರಿಸಿದರೂ ಒಪ್ಪಿಕೊಳ್ಳಲಾಗದ ಸಂದರ್ಭವೂ ಇದೆ. ಅದಕ್ಕೆ ಗಿರೀಶ ಕಾರ್ನಾಡರ 'ನಾಗಮಂಡಲ' ನೋಡಬೇಕು. ಈ ನಾಟಕಕ್ಕೂ ನಮ್ಮ ಈ ದೇಶಕ್ಕೂ ಒಂದು ನಂಟಿದೆ. ಕಾರ್ನಾಡರು 1987-88ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿದ್ದಾಗ ಇದನ್ನು ಬರೆದರು, ಮೂಲ, ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳು. 1993ರಲ್ಲಿ ಮಿನಿಯಾಪೊಲಿಸ್‌ನ ಗತ್ರಿ ರಂಗಮಂದಿರದಲ್ಲಿ ಇದರ ಇಂಗ್ಲಿಷ್ ರೂಪದ ಪ್ರದರ್ಶನವಾಯಿತು. ನಾಗಾಭರಣ ಅವರ 1997ರ ಚಿತ್ರವನ್ನು ನಮ್ಮಲ್ಲಿ ಹಲವರು ನೋಡಿದ್ದೀರಿ.

ಹೊಸದಾಗಿ ಮದುವೆಯಾದ ರಾಣಿಯನ್ನು ಗಂಡ ಅಪ್ಪಣ್ಣ ಮನೆಯೊಳಗೆ ಕೂಡಿ ಬೀಗ ಹಾಕಿಕೊಂಡು ಹೋಗುತ್ತಾನೆ. ಮಧ್ಯಾಹ್ನ ಉಣ್ಣಲು ಬರುತ್ತಾನೆ, ಉಂಡು ಹೋಗುತ್ತಾನೆ. ಮಾತಿಲ್ಲ. ಗಂಡನನ್ನು ಒಲಿಸಿಕೊಳ್ಳಲು ಕುರುಡವ್ವ ಕೊಟ್ಟ ಬೇರನ್ನು ಅರೆದು ಹಾಕಿದ ಸಾರು ಹುತ್ತದ ಪಾಲಾಗಿ, ಒಳಗಿದ್ದ ನಾಗ ಅವಳಿಗೆ ಒಲಿದು, ರಾತ್ರಿಯ ಹೊತ್ತು ಅಪ್ಪಣ್ಣನ ರೂಪದಲ್ಲಿ ಬರತೊಡಗುತ್ತಾನೆ. ಹಗಲಿನ ಗಂಡ ಗದರುತ್ತಾನೆ, ರಾತ್ರಿಯ ಗಂಡ ಅವಳ ತಂದೆ ತಾಯಿಯ ಬಗ್ಗೆ ಕೇಳುತ್ತಾನೆ, ತಲೆ ಸವರುತ್ತಾನೆ. ಒಂದು ರಾತ್ರಿ ರಾಣಿಗೆ ಕನ್ನಡಿಯಲ್ಲಿ ಗಂಡ ಕುಳಿತಿದ್ದ ಜಾಗದಲ್ಲಿ ನಾಗರಹಾವು ಕಾಣುತ್ತದೆ. ಚೀರುತ್ತಾಳೆ. ತಿರುಗಿ ನೋಡಿದರೆ ಗಂಡ.

ಕನ್ನಡಿ ಸುಳ್ಳು ಹೇಳಲಿಲ್ಲ. ರಾಣಿ ಅದನ್ನು ನಂಬಲಿಲ್ಲ, ಅಥವಾ ನಂಬದಿರಲು ನಿರ್ಧರಿಸಿದಳು. ಇದು ಅವಳ ದೌರ್ಬಲ್ಯವೇ? ಮೊದಲು ನಾವು ಹಾಗೆಂದೇ ಭಾವಿಸಿದ್ದೆವು. ಈಗ ಅಷ್ಟು ಸುಲಭವಾಗಿ ಹೇಳಲಾರೆವು. ಬೀಗ ಹಾಕಿದ ಮನೆಯಲ್ಲಿ ಅವಳನ್ನು ಮನುಷ್ಯಳೆಂದು ನೋಡಿದ ಕಣ್ಣು ಅದೊಂದೇ. ಆ ಕಣ್ಣಿನಲ್ಲಿ ಅವಳಿಗೆ ತನ್ನ ಮುಖ ಮೊದಲ ಬಾರಿಗೆ ಚೆನ್ನಾಗಿ ಕಂಡಿದೆ. ಅದನ್ನು ಒಡೆದುಕೊಳ್ಳುವ ಧೈರ್ಯ ಎಲ್ಲಿಂದ ಬರಬೇಕು?

ಇಲ್ಲಿ ನಮ್ಮ ಬದುಕೂ ನೆನಪಾಗುತ್ತದೆ. ನಮ್ಮಲ್ಲೊಬ್ಬರು ಮದುವೆಯಾಗಿ ಈ ದೇಶಕ್ಕೆ ಬಂದದ್ದು ಎಚ್-4 ವೀಸಾದಲ್ಲಿ. ಹೆಂಡತಿಯೇ ಇರಬೇಕೆಂದು ನೀವು ಊಹಿಸಿದರೆ ತಪ್ಪಿಲ್ಲ. ಎಂಜಿನಿಯರಿಂಗ್ ಪದವಿ, ಬೆಂಗಳೂರಿನಲ್ಲಿ ಕೆಲಸದ ಅನುಭವ, ಎಲ್ಲವೂ ಪೆಟ್ಟಿಗೆಯಲ್ಲಿ. ಆ ವೀಸಾದಲ್ಲಿರುವ ಕೆಲವರಿಗೆ ದುಡಿಯಲು ಅನುಮತಿ ದೊರೆತದ್ದು 2015ರಲ್ಲಿ, ಅಲ್ಲಿಯವರೆಗೆ ಮನೆ. ಬೀಗ ಯಾರೂ ಹಾಕಿರಲಿಲ್ಲ. ಬಾಗಿಲು ತೆಗೆದರೆ ಹೊರಗೆ ಹಿಮ, ಕಾರು ಒಂದೇ, ಅದು ಆಫೀಸಿನ ಪಾರ್ಕಿಂಗಿನಲ್ಲಿ. ಊರಿನಲ್ಲಿ ಅವಳು ಒಬ್ಬರಿಗೆ ಮಗಳು, ಒಬ್ಬರಿಗೆ ಅಕ್ಕ, ಆಫೀಸಿನಲ್ಲಿ ಕಷ್ಟದ ಕೆಲಸ ಬಂದರೆ ಎಲ್ಲರೂ ಹುಡುಕಿಕೊಂಡು ಬರುವ ಸಹೋದ್ಯೋಗಿ, ಬೀದಿಯ ಕೊನೆಯ ಅಂಗಡಿಯವರಿಗೆ ಮೇಷ್ಟರ ಮನೆ ಹುಡುಗಿ. ಅಷ್ಟು ಜನರ ಕಣ್ಣಿನಲ್ಲಿ ಅಷ್ಟು ಮುಖಗಳು. ಇಲ್ಲಿ ಸಂಜೆ ಆರಕ್ಕೆ ಬಾಗಿಲು ತೆರೆದು ಬರುವ ಒಬ್ಬ ಮನುಷ್ಯ. ಅವನ ಮುಖದಲ್ಲಿ ನಗುವಿದ್ದರೆ ತಾನು ಚೆನ್ನಾಗಿದ್ದೇನೆ, ಅವನು ದಣಿದು ಸುಮ್ಮನಿದ್ದರೆ ತನ್ನಲ್ಲೇ ಏನೋ ಕೊರತೆ. ಒಂದು ದಿನ ಅವಳು ಕೇಳಿದಳು, "ಮೊದಲು ನಾನು ಜಾಣೆ ಆಗಿದ್ದೆ ಅಲ್ವಾ? ನಿಜ ಹೇಳು." ಆ ಪ್ರಶ್ನೆಯ ಭಾರ ಆಗ ಅವನಿಗೆ ತಿಳಿಯಲಿಲ್ಲ. ಈಗಲೂ ಜಾಣೆಯೇ ಎಂದು ಹೇಳಿ ಟಿವಿಯ ಕಡೆ ತಿರುಗಿದ.

ಪರದೇಶದ ಸಂಸಾರದ ಕಷ್ಟ ಇದೇ ಇರಬಹುದೆಂದು ನಮಗನ್ನಿಸುತ್ತದೆ. ಮನೆಯಲ್ಲಿ ಕನ್ನಡಿ ಒಂದೇ ಉಳಿಯುತ್ತದೆ. ಹತ್ತು ಜನ ಹಂಚಿಕೊಂಡು ಮಾಡುತ್ತಿದ್ದ ಕೆಲಸವನ್ನು ಒಬ್ಬರೇ ಮಾಡಬೇಕು: ಹೊಗಳಬೇಕು, ತಿದ್ದಬೇಕು, ನೆನಪಿಟ್ಟುಕೊಳ್ಳಬೇಕು, ಮರೆಯಲೂಬೇಕು. ಆ ಒಂದು ಕನ್ನಡಿ ಸೊಟ್ಟಗಿದ್ದರೆ ನಮ್ಮ ಮುಖವೇ ಸೊಟ್ಟ ಎಂದು ತಿಳಿಯುತ್ತೇವೆ, ಅಲ್ಲವೆಂದು ಹೇಳಲು ಎರಡನೆಯ ಕನ್ನಡಿ ಇರುವುದಿಲ್ಲ. ನಾನು ಅಷ್ಟೊಂದು ದಡ್ಡಿಯಾ ಎಂದು ಫೋನಿನಲ್ಲಿ ಅಳುವ ಹೆಣ್ಣುಮಕ್ಕಳನ್ನು ಬಲ್ಲೆವು. ಕೆಲಸ ಹೋದ ಮೇಲೆ ಹೆಂಡತಿಯ ಮುಖ ನೋಡಲು ಹೆದರಿ ಬೆಳಿಗ್ಗೆಯೇ ಕಾರು ಹತ್ತಿ ಗ್ರಂಥಾಲಯಕ್ಕೆ ಹೋಗಿ ಕೂರುವ ಗಂಡಸರನ್ನೂ ಬಲ್ಲೆವು. ಎರಡೂ ಕಡೆಯವರು ಭಾನುವಾರ ದೇವಸ್ಥಾನಕ್ಕೆ ಬಂದಾಗ ನಗುತ್ತಲೇ ಇರುತ್ತಾರೆ. ಊರಿಗೆ ಹೋಗುವ ಫೋಟೊಗಳಲ್ಲಿಯೂ ನಗುತ್ತಿರುತ್ತಾರೆ. ಅದು ಕನ್ನಡಿಯೊಳಗಿನ ಗಂಟು.

ಹಾಗೆಂದು ಕನ್ನಡಿಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಒಳ್ಳೆಯದಾಗುತ್ತದೆ ಎಂದೂ ಇಲ್ಲ. ತ್ರಿವೇಣಿಯವರ 'ಶರಪಂಜರ'ದ ಕಾವೇರಿಯ ಸುತ್ತ ಗಂಡ, ಮನೆಯವರು, ನೆರೆಹೊರೆ ಎಲ್ಲ ಇದ್ದರು. ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಮರಳಿದವಳನ್ನು ಎಲ್ಲ ಕಣ್ಣುಗಳೂ ಹುಚ್ಚಿ ಎಂದೇ ನೋಡಿದವು. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಪುಟ್ಟಣ್ಣ ಕಣಗಾಲರ 1971ರ ಚಿತ್ರದಲ್ಲಿ ಕಲ್ಪನಾ ಅವರ ಅಭಿನಯ ಕಂಡವರಿಗೆ ಆ ಕೊನೆ ಮರೆಯುವಂಥದ್ದಲ್ಲ. ಎಲ್ಲ ಕನ್ನಡಿಗಳೂ ಒಂದೇ ಸುಳ್ಳು ಹೇಳಿದರೆ ಗಟ್ಟಿ ಮನಸ್ಸಿನವರೂ ಎಷ್ಟು ದಿನ ತಡೆದಾರು? ಅಲ್ಲಿ ಒಬ್ಬನಾದರೂ, ಕೈ ಹಿಡಿದವನಾದರೂ, ನೆಟ್ಟಗೆ ನೋಡಿದ್ದರೆ ಸಾಕಿತ್ತು.

ಬೇಲೂರಿನ ದರ್ಪಣ ಸುಂದರಿಯ ಮಾತು ಬಾರದೆ ಈ ಲೇಖನ ಮುಗಿದರೆ ನಮ್ಮ ಹಾಸನದ ಸ್ನೇಹಿತರು ಬಿಡುವುದಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಅವಳೇ ಹೆಚ್ಚು ಪ್ರಸಿದ್ಧಳು. ಶಾಂತಲೆಯೇ ಆ ಶಿಲ್ಪಕ್ಕೆ ರೂಪದರ್ಶಿ ಎಂದು ಗೈಡುಗಳು ಹೇಳುತ್ತಾರೆ; ನಂಬುವುದು ಬಿಡುವುದು ನಿಮಗೆ ಸೇರಿದ್ದು. ಹಿಂದಿನ ಸಲ ಊರಿಗೆ ಹೋದಾಗ ಕತ್ತೆತ್ತಿ ಬಹಳ ಹೊತ್ತು ನೋಡಿದೆವು. ಒಂಬೈನೂರು ವರ್ಷಗಳಿಂದ ಅವಳು ತನ್ನನ್ನು ತಾನೇ ನೋಡಿಕೊಳ್ಳುತ್ತಿದ್ದಾಳೆ. ಕನ್ನಡಿ ಅವಳ ಕೈಯಲ್ಲೇ ಇದೆ, ಬೇರೆ ಯಾರೂ ಹಿಡಿದಿಲ್ಲ. ಅದರಲ್ಲಿ ಅವಳಿಗೆ ಏನು ಕಾಣುತ್ತಿದೆ ಎಂಬುದು ಕೆಳಗೆ ನಿಂತ ನಮಗೆ ಕಾಣುವುದಿಲ್ಲ.

ಬಾಗಿನದ ಕನ್ನಡಿಯ ಬಗ್ಗೆ ಅಡಿಗೆಮನೆಯಲ್ಲಿ ಎರಡು ಉತ್ತರ ಬಂದಿದ್ದವು, ಕುಂಕುಮಕ್ಕೆ ಎಂಬುದೊಂದು, ಗಂಡಂದಿರಿಗೆ ನಾವೇ ಕನ್ನಡಿ ಎಂಬುದೊಂದು. ನಮಗೆ ಈಗ ಮೂರನೆಯದೂ ಇರಬಹುದೆನ್ನಿಸುತ್ತದೆ. ಇದಕ್ಕೆ ಶಾಸ್ತ್ರಾಧಾರ ಕೇಳಬೇಡಿ. ತವರಿನಿಂದ ಹೆಣ್ಣುಮಗಳಿಗೆ ಕೊಡುವ ಬಾಗಿನದಲ್ಲಿ ಅಕ್ಕಿ ಬೇಳೆ ಹೊಟ್ಟೆಗೆ, ರವಿಕೆ ಕಣ ಮೈಗೆ. ಕನ್ನಡಿ ಯಾಕೆಂದರೆ, ಗಂಡನ ಮನೆಯವರ ಕಣ್ಣಿನಲ್ಲಿ ನೀನು ಹೇಗೆ ಕಂಡರೂ ನಿನ್ನ ಮುಖ ನೋಡಿಕೊಳ್ಳಲು ನಿನ್ನದೇ ಆದ ಒಂದು ಇರಲಿ ಎಂದು ಯಾರೋ ತಾಯಿ ಎಂದೋ ಇಟ್ಟಿರಬೇಕು.

ಈ ವರ್ಷದ ಹಬ್ಬಕ್ಕೆ ಊರಿನಿಂದ ತರಿಸುವ ಸಾಮಾನಿನ ಪಟ್ಟಿಯನ್ನು ಮೊನ್ನೆ ಬರೆದೆವು. ಪ್ರತಿ ವರ್ಷ ಕನ್ನಡಿಯ ಮುಂದೆ 1 ಎಂದಿರುತ್ತಿತ್ತು. ಈ ಸಲ ಅದನ್ನು ತಿದ್ದಿ 2 ಎಂದು ಬರೆದಿದ್ದೇವೆ. ಒಬ್ಬರ ಅಮ್ಮ, ಇನ್ನೊಬ್ಬರ ಅತ್ತೆ ಫೋನಿನಲ್ಲಿ ಪಟ್ಟಿ ಓದುತ್ತ, "ಎರಡು ಯಾಕ್ರೋ? ಹೋದ ವರ್ಷದ್ದು ಒಡೆದು ಹೋಯ್ತಾ?" ಎಂದು ಗಾಬರಿಯಿಂದ ಕೇಳಿದರು. ಇಲ್ಲಮ್ಮ, ಒಡೆದಿಲ್ಲ, ಎಂದಷ್ಟೇ ಹೇಳಿದ್ದೇವೆ.